ತೂಬಿನ ಮೇಲೆ ಹನ್ನೊಂದು ಕೈ

ನಮ್ಮೂರ ನಗರಸಭೆಯವರಷ್ಟು ಬುದ್ಧಿವಂತರು ಭೂಮಿಯ ಮೇಲೆ ಇನ್ನೆಲ್ಲೂ ಇರಲಾರರು. ನಾನು ಬೇರೆ ಊರು ನೋಡಿದವಳಲ್ಲ, ಆದರೂ ಈ ಮಾತನ್ನು ಎದೆ ತಟ್ಟಿಕೊಂಡು ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ನಗರಸಭೆಯ ಗೇಟಿನ ಎದುರಿಗೇ ಇಡ್ಲಿ ಬೇಯಿಸುತ್ತಿದ್ದೇನೆ. ಒಳಗೆ ನಡೆಯಬೇಕಾದ ಸಭೆಯಲ್ಲಿ ಅರ್ಧ ನನ್ನ ಬೆಂಚಿನ ಮೇಲೆ, ಚಟ್ನಿಗೆ ಬೆರಳು ಅದ್ದಿಕೊಂಡೇ ಮುಗಿದುಹೋಗುತ್ತದೆ. ದೇವೀರಮ್ಮನ ಇಡ್ಲಿ ಮೆತ್ತಗಿರುತ್ತದೆ ಎಂಬುದು ಅವರಿಗೆಲ್ಲ ಗೊತ್ತು. ದೇವೀರಮ್ಮನಿಗೆ ಎರಡು ಕಿವಿಯೂ ಇವೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ.

ನಮ್ಮ ಹೊಳೆ ತಿಂಗಳಿಡೀ ಎಲ್ಲ ಹೊಳೆಗಳ ಹಾಗೆ ಕೆಳಕ್ಕೆ ಹರಿಯುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ ಹಿಂದಕ್ಕೆ ಹೊರಳುತ್ತದೆ. ಹೊರಳಿ, ಆ ತಿಂಗಳು ತನ್ನೊಳಗೆ ಯಾರು ಏನು ಹಾಕಿದ್ದರೋ ಅದನ್ನು ಅವರವರ ಮನೆ ಬಾಗಿಲಿಗೆ ತಂದಿಟ್ಟು, ಮಧ್ಯಾಹ್ನದ ಹೊತ್ತಿಗೆ ತನ್ನ ಪಾಡಿಗೆ ತಾನು ಇಳಿದುಹೋಗುತ್ತದೆ. ಇದಕ್ಕೆ ನಾವು ಹೊರಳು ಎನ್ನುತ್ತೇವೆ. ಅವತ್ತು ಊರಿಗೆ ಊರೇ ಪೊರಕೆ, ಪುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತದೆ. ಹೆಣ್ಣು ನೋಡುವವರು ಬೇಕೆಂದೇ ಆ ದಿನ ಬರುತ್ತಾರೆ; ಬಾಗಿಲಿಗೆ ಏನು ಬಂತು ಎಂದು ನೋಡಿದ ಮೇಲೆಯೇ ಉಪ್ಪಿಟ್ಟಿನ ತಟ್ಟೆ ಮುಟ್ಟುವುದು. ನಮ್ಮ ಪಕ್ಕದ ಮನೆಯ ಸಂಸ್ಕೃತ ಮೇಷ್ಟ್ರಿಗೆ ತಿಂಗಳು ತಿಂಗಳೂ ಏಳೆಂಟು ಬ್ರಾಂದಿ ಬಾಟಲಿ ಬರುತ್ತವೆ. ಯಾರೋ ಕಿಡಿಗೇಡಿಗಳ ಕೆಲಸ ಎಂದು ಗೊಣಗುತ್ತ ಅವರು ಅವನ್ನು ಗೋಣಿಗೆ ತುಂಬುತ್ತಾರೆ. ನಮ್ಮಜ್ಜಿಯಂತೂ ಬಾಯಿ ಮುಕ್ಕಳಿಸಿದ ನೀರನ್ನೂ ಚರಂಡಿಗೆ ಉಗಿದವಳಲ್ಲ, ಚರಂಡಿ ಹೊಳೆಗೆ ಸೇರುತ್ತದಲ್ಲ, ಅದಕ್ಕೆ. ಮನೆ ಮುಂದಿನ ನುಗ್ಗೆಮರದ ಬುಡಕ್ಕೆ ಹೋಗಿ ಉಗಿದು ಬರುತ್ತಿದ್ದಳು. ನನಗೂ ಅದೇ ಅಭ್ಯಾಸವಾಗಿದೆ.

ಅಧ್ಯಕ್ಷ ಶಿವನಂಜಪ್ಪನಿಗೆ ಇದು ಭಾರಿ ತಮಾಷೆ. ಆರು ಇಡ್ಲಿ ಮುಗಿಸಿ, ಗಳಗಳ ಮುಕ್ಕಳಿಸಿ, ನನ್ನ ಕಣ್ಣೆದುರಿಗೇ ಚರಂಡಿಗೆ ಪಿಚಕ್ಕನೆ ಉಗಿಯುತ್ತಿದ್ದ. "ಏನ್ ದೇವೀರಮ್ಮ, ಒಂದು ಬಾಯಿ ನೀರು ವಾಪಸ್ ಕೊಡೋಕೆ ಹೊಳೆಗೇನು ಬೇರೆ ಕೆಲಸ ಇಲ್ವಾ?" ಎನ್ನುತ್ತಿದ್ದ. ಜೊತೆಗಿದ್ದವರು ಹಲ್ಲು ಕಿಸಿಯುತ್ತಿದ್ದರು. ಅವನ ಮನೆ ಬಾಗಿಲು ತೊಳೆಯಲು ಇಬ್ಬರು ಆಳುಗಳಿದ್ದರು. ಯಾವ ಹೊರಳಿಗೆ ಏನು ಬಂತು ಎಂದು ಅವನು ಎದ್ದು ನೋಡಿದ್ದೇ ಇಲ್ಲ.

ಹೀಗಿರುವಾಗ ವೃಷಭೇಂದ್ರಯ್ಯ ಎಂಬ ಸಾಹುಕಾರ ಊರ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟ. ಬಣ್ಣ ತೊಳೆದ ನೀರನ್ನು ಹೊಳೆಗೆ ಬಿಡಲು ಒಂದು ತೂಬು, ತೂಬು ತೆಗೆಯಲು ಬಂಡಿಗಾಲಿಯಷ್ಟು ದೊಡ್ಡ ಕಬ್ಬಿಣದ ಚಕ್ರ. ಮೊದಲ ತಿಂಗಳು ಹೊಸ ಹುಮ್ಮಸ್ಸಿನಲ್ಲಿ ತಾನೇ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ ಚಕ್ರ ತಿರುಗಿಸಿದ. ಅಮಾವಾಸ್ಯೆಗೆ ಅವನ ನಡುಮನೆಯಲ್ಲಿ ಮೊಣಕಾಲುದ್ದ ಕೆಂಪು ನೀರು ನಿಂತಿತು. ಪಂಚೆ ಎತ್ತಿ ಹಿಡಿದುಕೊಂಡು ನಗರಸಭೆಗೆ ಓಡಿ ಬಂದವನನ್ನು ನಾನೇ ನೋಡಿದ್ದೇನೆ. ಅವನ ಕಾಲು ವಾರದವರೆಗೂ ಕೆಂಪಗಿತ್ತು.

ನಗರಸಭೆಯಲ್ಲಿ ಹೊಳೆಯನ್ನು ಕಾಯುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ಇಟ್ಟಿದ್ದರು. ಊರೆಲ್ಲ ಅವರನ್ನು ಪರಿಸರ ಸಾಹೇಬರು ಎನ್ನುತ್ತಿತ್ತು. ಇಡ್ಲಿಗೆ ಸಕ್ಕರೆ ಹಚ್ಚಿಕೊಂಡು ತಿನ್ನುವ ಮನುಷ್ಯ. ವೃಷಭೇಂದ್ರಯ್ಯನನ್ನು ನನ್ನ ಬೆಂಚಿನ ಮೇಲೆ ಕೂರಿಸಿಕೊಂಡು ಅವರು ಸಮಾಧಾನ ಹೇಳಿದರು. "ಗಾಬರಿ ಬೀಳಬೇಡಿ. ಪರವಾನಗಿ ನಿಮ್ಮ ಹೆಸರಲ್ಲಿದೆ, ಅದಕ್ಕೇ ನಿಮ್ಮ ಮನೆಗೆ ಬಂದಿದೆ. ತೂಬಿನ ನಿರ್ವಾಹಕ ಅಂತ ಬೇರೆ ಯಾರನ್ನಾದರೂ ತೋರಿಸಿ, ನಾನು ಆದೇಶ ಮಾಡಿಸ್ತೀನಿ. ಮುಂದೆ ಬರೋದೆಲ್ಲಾ ಅವನ ಹೆಸರಿಗೆ." ಸಾಹುಕಾರ ಅವರ ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿಸಿದ.

ಆ ಬೇರೆ ಯಾರಾದರೂ ಎಂಬವನು ನನ್ನ ತಮ್ಮ ಕಾಳಯ್ಯ. ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದವನಿಗೆ ಒಂದು ದಿನ ಮೊಹರು ಒತ್ತಿದ ಕಾಗದ ಕೊಟ್ಟು, ನೀನು ಇವತ್ತಿನಿಂದ ನಿರ್ವಾಹಕ ಎಂದರು. ಪೆದ್ದ ಅದನ್ನು ಪ್ಲಾಸ್ಟಿಕ್ ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ. ಅವನ ಹೆಂಡತಿ ಸಾಕಮ್ಮ ಅದಕ್ಕೆ ಕುಂಕುಮ ಬೇರೆ ಇಟ್ಟಳು. ಬೆಳಿಗ್ಗೆ ಚಕ್ರ ತಿರುಗಿಸಿ ತೂಬು ತೆಗೆಯುವುದು, ಸಾಯಂಕಾಲ ಮುಚ್ಚುವುದು, ಇಷ್ಟೇ ಕೆಲಸ. ಮುಂದಿನ ಅಮಾವಾಸ್ಯೆಗೆ ಕೆಂಪು ನೀರು ಸಾಹುಕಾರನ ಮನೆ ಬಿಟ್ಟು ನಮ್ಮ ಬಾವಿಬೀದಿಗೆ ಬಂತು.

ನನ್ನ ಮನೆಗೂ ಕಾಳಯ್ಯನ ಮನೆಗೂ ನಡುವೆ ಒಂದೇ ಗೋಡೆ. ಎದುರಿಗೆ ಬಾವಿ. ಬೀದಿಯ ಹತ್ತೊಂಬತ್ತು ಮನೆಗೂ ಕುಡಿಯುವ ನೀರು ಅದೊಂದರಿಂದಲೇ. ನನ್ನ ಇಡ್ಲಿ ಮೆತ್ತಗಿರುವುದೂ ಅದೇ ನೀರಿನಿಂದ. ಹೊಳೆ ಇಳಿದರೂ ಅದು ತಂದಿಟ್ಟ ಬಣ್ಣ ಇಳಿಯಲಿಲ್ಲ. ಕಾಳಯ್ಯನ ಅಂಗಳದಲ್ಲಿ ಕೆಂಪು ಕೆಸರು ಕೂತಿತು, ತುಳಸಿ ಸುಟ್ಟುಹೋಯಿತು, ಅವನ ಕೂಸಿನ ಮೈತುಂಬ ಗಂಧೆ ಎದ್ದಿತು. ನಾನು ಸಾಹೇಬರಿಗೆ ಹೇಳಲು ಹೋದರೆ ಅವರು ಸಂತೋಷದಿಂದ ತೊಡೆ ತಟ್ಟಿಕೊಂಡರು. "ನೋಡಿದ್ಯಾ ಅಮ್ಮ! ಆದೇಶ ಹೇಗೆ ಕೆಲಸ ಮಾಡ್ತು!"

ಹೊಳೆ ತಮ್ಮ ಕಾಗದ ಓದಿಕೊಂಡೇ ಮನೆ ಹುಡುಕುತ್ತದೆ ಎಂದು ಆ ಜನ ನಿಜವಾಗಿಯೂ ನಂಬಿಬಿಟ್ಟರು. ಹೊಳೆಗೆ ಓದು ಬರಹ ಎಲ್ಲಿಂದ ಬಂತು? ಅದಕ್ಕೆ ಗೊತ್ತಿರುವುದು ಹಾಕಿದ ಕೈ ಒಂದೇ. ಇದು ನಮ್ಮ ಬೀದಿಯ ಹಾಲು ಕುಡಿಯುವ ಮಗುವಿಗೂ ಗೊತ್ತು. ಒಂದು ತಿಂಗಳು ಕಾಳಯ್ಯ ಜ್ವರ ಬಂದು ಆರು ದಿನ ಮಲಗಿದ. ಆ ಆರು ದಿನ ಕಾರ್ಖಾನೆಯ ಕಾವಲುಗಾರ ತೂಬು ತೆಗೆದ. ಅಮಾವಾಸ್ಯೆಗೆ ಲೆಕ್ಕವಾಗಿ ಆರು ದಿನದ ಕೆಂಪು ಆ ಕಾವಲುಗಾರನ ಶೀಟಿನ ಮನೆಗೆ ಹೋಯಿತು, ಮಿಕ್ಕಿದ್ದು ನಮ್ಮಲ್ಲಿಗೆ ಬಂತು. ಓಡಿಹೋಗಿ ಇದನ್ನೂ ಹೇಳಿದೆ.

"ಅವನ ಹೆಸರು ಆದೇಶದಲ್ಲಿ ಇಲ್ವಲ್ಲಮ್ಮ" ಎಂದರು ಸಾಹೇಬರು.

"ಇಲ್ಲ ಸ್ವಾಮಿ. ಆದ್ರೂ ಅವನ ಮನೆಗೆ ಬಂದೈತಲ್ಲ."

"ಹಾಗಾದ್ರೆ ಅದು ಕೆಂಪು ನೀರಲ್ಲ, ಮಳೆ ನೀರು. ಸ್ವಲ್ಪ ಸಕ್ಕರೆ ಕೊಡು."

ಥೂ ಇವರ ಓದಿಗಿಷ್ಟು ಬೆಂಕಿ ಹಾಕ ಎಂದುಕೊಂಡು ಸಕ್ಕರೆ ಕೊಟ್ಟೆ. ಇನ್ನೇನು ಮಾಡಲಿ, ಗಿರಾಕಿ.

ಸಾಲದ್ದಕ್ಕೆ ನಗರಸಭೆಯ ಗೋಡೆಯ ಮೇಲೆ ‘ಕೊಳಕು ಮಾಡಿದವನೇ ಹೊಣೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದರು. ಬರೆಸಿದ ಮೇಲೆ ಯಾರ ಮೇಲಾದರೂ ಕ್ರಮ ಆಗಬೇಕಲ್ಲ, ಕಾಳಯ್ಯನ ಮನೆಗೆ ನೋಟೀಸು ಅಂಟಿಸಿದರು. ಅವನ ಅಂಗಳದಲ್ಲೇ ಬಣ್ಣ ಇದೆ, ಹೊಳೆಯೇ ಬಂದು ಸಾಕ್ಷಿ ಹೇಳಿದೆ, ಹಾಗಾಗಿ ಊರಿನ ನೀರು ಕೆಡಿಸುತ್ತಿರುವವನು ಅವನೇ ಅಂತೆ. ಕೆಲಸ ಬಿಡುತ್ತೇನೆ ಎಂದು ಅವನು ಕೈಮುಗಿದರೆ, ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ, ಜೈಲಿಗೆ ಹಾಕಿಸುತ್ತೇವೆ ಎಂದರು. ಆಮೇಲೆ ಸಾಹೇಬರೇ ಟೇಪು ಹಿಡಿದು ಬಾವಿಬೀದಿಗೆ ಬಂದು ಅಳೆದರು. ಕೆಂಪು ಕೆಸರಿನ ಅಂಚಿಗೂ ಬಾವಿಕಟ್ಟೆಗೂ ನಡುವೆ ಉಳಿದಿದ್ದದ್ದು ಎರಡು ಮೊಳ. ಬಣ್ಣದ ನೀರು ಕಟ್ಟೆ ಹತ್ತಿ ಬಾವಿಗೆ ಇಳಿದರೆ ಬಾವಿಗೆ ಮಣ್ಣು ತುಂಬಿ ಮುಚ್ಚುತ್ತೇವೆ, ಬೀದಿಯವರು ಬೇರೆ ಜಾಗ ನೋಡಿಕೊಳ್ಳಬೇಕು ಎಂದು ಇನ್ನೊಂದು ನೋಟೀಸು ಅಂಟಿಸಿ ಹೋದರು.

"ಈ ಬಾವೀನೂ ಹೋದ್ರೆ ನಾವೆಲ್ಲಿಗೆ ಹೋಗಾಣ ಅತ್ತಿಗೆ?" ಎಂದು ಸಾಕಮ್ಮ ಕೂಸನ್ನು ಎದೆಗವುಚಿಕೊಂಡು ಅತ್ತಳು. ಕಾಳಯ್ಯ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಬೀದಿಯವರು ಅವನ ಜೊತೆ ಮಾತು ಬಿಟ್ಟಿದ್ದರು.

ಅಷ್ಟರಲ್ಲಿ ಮೇಲಿನಿಂದ ಹಣ ಬಂತು, ನೀರು ಶುದ್ಧ ಮಾಡುವ ಘಟಕ ಕಟ್ಟಲು. ಮೂರು ತಿಂಗಳು ಕಟ್ಟಿದರು. ಗೋಡೆಗೆ ನೀಲಿ ಬಣ್ಣ, ಮೇಲೆ ನಗುವ ಮೀನುಗಳ ಚಿತ್ರ, ಕಮಲ, ಬಾತುಕೋಳಿ. ಆ ಮೂರು ತಿಂಗಳು ತೂಬು ಮುಚ್ಚಿ, ಬಣ್ಣದ ನೀರನ್ನೆಲ್ಲ ಒಂದು ದೊಡ್ಡ ಗುಂಡಿಯಲ್ಲಿ ತುಂಬಿಟ್ಟರು. ನಮ್ಮ ಬೀದಿಗೆ ಮೂರು ಹೊರಳು ಸುಖವಾಗಿ ಕಳೆದವು. ನಾನೂ ನಂಬಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಒಂದು ಸಂಜೆ ಕಾಳಯ್ಯ ಬಂದು ಹಿಟ್ಟು ರುಬ್ಬುತ್ತಿದ್ದ ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತ.

"ಅಕ್ಕ, ಆ ಕಟ್ಟಡದ ಒಳಗೆ ಏನೂ ಇಲ್ಲ ಕಣಕ್ಕ."

"ಏನೂ ಇಲ್ಲ ಅಂದ್ರೆ?"

"ಈ ಕಡೆಯಿಂದ ಪೈಪು ಒಳಕ್ಕೆ ಹೋಯ್ತದೆ, ಆ ಕಡೆಯಿಂದ ಹೊರಕ್ಕೆ ಬತ್ತದೆ. ನಡುವೆ ಒಂದು ಕುರ್ಚಿ ಹಾಕವ್ರೆ. ಉದ್ಘಾಟನೆ ದಿನ ಗುಂಡೀಲಿರೋದನ್ನ ಪೂರ್ತಾ ಬಿಡಬೇಕಂತೆ. ತೂಬು ನಾನೇ ತೆಗೀಬೇಕಂತೆ. ಅದಾಗಿ ಮೂರೇ ದಿನಕ್ಕೆ ಅಮಾಸೆ."

ರುಬ್ಬುಗುಂಡು ಹಿಡಿದ ಕೈ ನಿಂತುಹೋಯಿತು. ಮೂರು ತಿಂಗಳ ಕೆಂಪು, ಒಂದೇ ಬೆಳಿಗ್ಗೆ, ಒಂದೇ ಅಂಗಳಕ್ಕೆ. ಎರಡು ಮೊಳ ಇರಲಿ, ಎರಡಾಳು ಎತ್ತರದ ಕಟ್ಟೆ ಇದ್ದರೂ ಬಾವಿ ಉಳಿಯುತ್ತಿರಲಿಲ್ಲ. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ.

ಮಾರನೆಯ ಬೆಳಿಗ್ಗೆ ನನ್ನ ಬೆಂಚಿನ ಮೇಲೆ ದೊಡ್ಡ ಜಗಳ. ನೀರಿನ ವಿಷಯಕ್ಕಲ್ಲ, ಅಷ್ಟು ಮಾನ ಎಲ್ಲಿದೆ. ಉದ್ಘಾಟನೆಯಲ್ಲಿ ಟೇಪು ಕತ್ತರಿಸುವವರು ಯಾರು ಎಂದು. ನಾನೇ ಎಂದ ಶಿವನಂಜಪ್ಪ. ಘಟಕ ಇರುವುದು ನನ್ನ ವಾರ್ಡಿನಲ್ಲಿ ಎಂದಳು ಉಪಾಧ್ಯಕ್ಷೆ. ಏಳು ಜನ ಸದಸ್ಯರು ಏಳು ಥರ ಮುಖ ಊದಿಸಿಕೊಂಡು ಕೂತರು. ಹೋದ ವರ್ಷ ಬಸ್ ಸ್ಟ್ಯಾಂಡಿನ ಕಕ್ಕಸ್ಸಿನ ಉದ್ಘಾಟನೆಯಲ್ಲಿ ಇವರು ಕತ್ತರಿಗಾಗಿ ಕಿತ್ತಾಡಿ ಒಬ್ಬರ ಬೆರಳು ಕುಯ್ದಿತ್ತು. ನಾನು ಸಾಂಬಾರಿನ ಬಕೆಟ್ಟು ಹಿಡಿದು ನಿಂತಿದ್ದವಳು ಮೆಲ್ಲಗೆ ಬಾಯಿ ಹಾಕಿದೆ.

"ಟೇಪು ಅಂದ್ರೆ ಒಬ್ರೇ ಕತ್ತರಿಸಬೇಕು ಸ್ವಾಮಿ. ತೂಬಿನ ಚಕ್ರ ದೊಡ್ಡದಲ್ವಾ? ಅದಕ್ಕೆ ಒಂದು ಹಾರ ಹಾಕಿ ಎಲ್ಲಾರೂ ಒಂದೊಂದು ಕೈ ಇಟ್ಟು ತಿರುಗಿಸಿದ್ರೆ, ಎಲ್ಲಾರೂ ಪೇಪರಲ್ಲಿ ಬತ್ತೀರಪ್ಪ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಿದರು.

"ಮುದುಕಿ ತಲೆ ಓಡಿಸ್ತಾಳೆ ಕಣ್ರೀ" ಎಂದ ಶಿವನಂಜಪ್ಪ. ಒಬ್ಬ ಸದಸ್ಯನಿಗೆ ಮಾತ್ರ ಸ್ವಲ್ಪ ಅನುಮಾನ. "ಸಾಹೇಬ್ರೆ, ತೂಬು ತಿರುಗಿಸಿದ್ರೆ ಹೊರಳಿಗೆ ನಮ್ಮ ಮನೆಗೇನಾದ್ರೂ..." ಎಂದು ರಾಗ ಎಳೆದ. ಪರಿಸರ ಸಾಹೇಬರು ನಕ್ಕು, ನಿರ್ವಾಹಕನ ಆದೇಶ ಕಾಳಯ್ಯನ ಹೆಸರಿನಲ್ಲಿ ಇರುವವರೆಗೂ ಯಾರ ಕೂದಲೂ ಕೊಂಕುವುದಿಲ್ಲ, ಬೇಕಾದರೆ ತಾನೂ ಒಂದು ಕೈ ಇಡುತ್ತೇನೆ ಎಂದರು. ಅವತ್ತು ಎಲ್ಲರಿಗೂ ಕೇಳದೆಯೇ ಎರಡು ಸೌಟು ಚಟ್ನಿ ಹೆಚ್ಚಿಗೆ ಬಡಿಸಿದೆ.

ಉದ್ಘಾಟನೆಯ ದಿನ ಶಾಮಿಯಾನ ಹಾಕಿಸಿದ್ದರು. ಚಕ್ರಕ್ಕೆ ಬೆಳ್ಳಿ ಬಣ್ಣ ಬಳಿದು ಚೆಂಡುಹೂವಿನ ಹಾರ ಹಾಕಿದ್ದರು. ತಿಂಡಿಯ ಜವಾಬ್ದಾರಿ ನನ್ನದೇ ಆದ್ದರಿಂದ ನಾನು ಒಲೆ ಸಮೇತ ಅಲ್ಲೇ ಇದ್ದೆ. ಅಧ್ಯಕ್ಷ, ಉಪಾಧ್ಯಕ್ಷೆ, ಏಳು ಸದಸ್ಯರು, ಸಾಹೇಬರು, ವೃಷಭೇಂದ್ರಯ್ಯ, ಒಟ್ಟು ಹನ್ನೊಂದು ಜನ ಸುತ್ತಲೂ ನಿಂತು ಒಂದೊಂದು ಕೈ ಇಟ್ಟು ಕ್ಯಾಮೆರಾ ಕಡೆ ಹಲ್ಲು ಬಿಟ್ಟರು. ತಿರುಗಿಸಿ ಎಂದ ಫೋಟೋದವನು. ಅವರು ತಿರುಗಿಸಿದರು, ಚಕ್ರ ತಿರುಗಲಿಲ್ಲ. ಮೂರು ತಿಂಗಳ ತುಕ್ಕು ಹಿಡಿದಿತ್ತು, ಜೊತೆಗೆ ಆ ಕೈಗಳು ಜನ್ಮದಲ್ಲಿ ಒಂದು ಕೊಡ ನೀರು ಸೇದಿದವಲ್ಲ.

"ಏ ಕಾಳಯ್ಯ! ಎಲ್ಲಿ ಸತ್ತೆಯೋ? ಬಾ, ಒಂದು ಕೈ ಹಾಕು" ಎಂದು ಶಿವನಂಜಪ್ಪ ಕೂಗಿದ.

ಕಾಳಯ್ಯ ಎರಡು ವರ್ಷದ ಅಭ್ಯಾಸದಿಂದ ಕೈ ಒರೆಸಿಕೊಳ್ಳುತ್ತ ಹೊರಟೇಬಿಟ್ಟಿದ್ದ. ಅವನ ಒಂದು ಬೆರಳು ಆ ಚಕ್ರಕ್ಕೆ ತಾಗಿದರೂ ಪಾಲು ನಮ್ಮ ಬಾವಿಗೆ ಬರುತ್ತಿತ್ತು. ಇಡ್ಲಿ ಪಾತ್ರೆಯ ಮುಚ್ಚಳ ಬಿಸಾಡಿ ಓಡಿಹೋಗಿ ಅವನ ಅಂಗಿಯ ಕಾಲರು ಹಿಡಿದೆ. "ಮುಟ್ಟಿದ್ರೆ ನೋಡು, ಕೈ ಮುರಿದುಬಿಡ್ತೀನಿ" ಎಂದು ಅವನ ಕಿವಿಯಲ್ಲಿ ಹೇಳಿದೆ.

"ಏನಮ್ಮ ಇದು, ಶುಭಕಾರ್ಯದಲ್ಲಿ?" ಎಂದು ಗದರಿದ ಶಿವನಂಜಪ್ಪ.

"ಅಯ್ಯೋ ಇವನ ಅಂಗಿ ನೋಡಿ ಸ್ವಾಮಿ, ಎಂಥ ಗಬ್ಬು! ನಿಮ್ಮೆಲ್ಲರ ನಡುವೆ ಇವನು ನಿಂತ್ರೆ ಫೋಟೋ ಏನಾಗಬೇಡ?"

"ನಿಜ ಸಾರ್, ಕೆಟ್ಟೋಗುತ್ತೆ" ಎಂದ ಫೋಟೋದವನು. ಅವನ ಮಕ್ಕಳು ತಣ್ಣಗಿರಲಿ.

ನಾನು ಇಡ್ಲಿ ತಟ್ಟೆಗೆ ಸವರುವ ಎಣ್ಣೆಯ ಗಿಂಡಿ ತಂದು, ಚಕ್ರವನ್ನು ಮುಟ್ಟದೆ, ಮೇಲಿನಿಂದ ಅದರ ಅಚ್ಚಿಗೆ ಸುರಿದೆ. ಹನ್ನೊಂದು ಜನ ಹಲ್ಲು ಕಚ್ಚಿ, ಮುಕ್ಕಿರಿದು, ಒಬ್ಬರ ಕಾಲು ಒಬ್ಬರು ತುಳಿದುಕೊಂಡು ತಳ್ಳಿದರು. ಚಕ್ರ ಕಿರ್ರೆಂದು ತಿರುಗಿತು. ಗುಂಡಿಯ ನೀರು ನಗುವ ಮೀನುಗಳ ಕೆಳಗಿನಿಂದ ಧೋ ಎಂದು ನುಗ್ಗಿ ಹೊಳೆ ಈ ದಡದಿಂದ ಆ ದಡಕ್ಕೆ ಕೆಂಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಮುಂದೆ ಈ ಊರಿನಲ್ಲಿ ಯಾರೂ ಹೊರಳಿಗೆ ಹೆದರಬೇಕಾಗಿಲ್ಲ ಎಂದು ಶಿವನಂಜಪ್ಪ ಅರ್ಧ ಗಂಟೆ ಭಾಷಣ ಮಾಡಿದ. ನನ್ನ ಇಡ್ಲಿ ಆರಿಹೋಯಿತು.

ಅಮಾವಾಸ್ಯೆ ಬಂತು. ಬೀದಿಯ ಹತ್ತೊಂಬತ್ತು ಮನೆಯವರೂ ಬಾವಿಕಟ್ಟೆಯ ಸುತ್ತ ಸೇರಿದರು. ಕಾಳಯ್ಯನ ತುಟಿ ಒಣಗಿತ್ತು. "ಆದೇಶದಲ್ಲಿ ನನ್ನ ಹೆಸರೇ ಐತಲ್ಲಕ್ಕ" ಎಂದ. ಆ ಕಾಗದದ ಭೂತ ಅವನಿಗೂ ಹಿಡಿದಿತ್ತು. ಬಾಯಿ ಮುಚ್ಚು ಎಂದೆ. ಹೊಳೆ ಹೊರಳಿದ ಸದ್ದು ಕೇಳಿತು. ಬೀದಿಯ ತುದಿಯಲ್ಲಿ ನೀರು ಕಾಣಿಸಿತು. ಕೆಂಪಗಿತ್ತು. ಸಾಕಮ್ಮ ಕಣ್ಣು ಮುಚ್ಚಿಕೊಂಡಳು. ಕೆಂಪು ನೀರು ನಮ್ಮ ಬೀದಿಯ ಬಾಯಿಗೆ ಬಂದು, ಒಳಕ್ಕೆ ತಿರುಗದೆ, ಹಾಗೇ ಮುಂದಕ್ಕೆ, ದೊಡ್ಡವರ ಮನೆಗಳಿರುವ ಮೇಲಿನ ಬಡಾವಣೆಯ ಕಡೆಗೆ ಹೊರಟುಹೋಯಿತು. ಅದರ ಬಗಲಿನಿಂದ ಒಂದು ಎಳೆ ತಿಳಿನೀರು ಮಾತ್ರ ನಮ್ಮ ಬೀದಿಗೆ ಬಂತು. ಸಾಕಮ್ಮ ಬಟ್ಟೆ ಒಗೆಯುವಾಗ ಕಳೆದುಕೊಂಡಿದ್ದ ಬಾಚಣಿಗೆ, ಮೇಷ್ಟ್ರ ಎಂಟು ಬಾಟಲಿ. ಕಾಳಯ್ಯನ ಹೊಸ್ತಿಲಿಗೆ ಒಂದು ಬೀಡಿತುಂಡು ಬಂದು ಕೂತಿತು. ಅವನು ಅದನ್ನು ಎತ್ತಿಕೊಂಡು ಹೋ ಎಂದು ಅತ್ತ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಆಮೇಲೆ ನಾವೆಲ್ಲ ಮೇಲಿನ ಬಡಾವಣೆ ನೋಡಲು ಹೋದೆವು. ಕಣ್ಣಿಗೆ ಹಬ್ಬ. ಹನ್ನೊಂದು ಮನೆ, ಹನ್ನೊಂದು ಪಾಲು, ಹೊಳೆ ಯಾರಿಗೂ ಒಂದು ಚೊಂಬು ಹೆಚ್ಚುಕಡಿಮೆ ಮಾಡಿರಲಿಲ್ಲ. ಉಪಾಧ್ಯಕ್ಷೆ ಊಟದ ಮೇಜಿನ ಮೇಲೆ ಹತ್ತಿ ನಿಂತಿದ್ದಳು. ವೃಷಭೇಂದ್ರಯ್ಯ ಪಂಚೆ ಎತ್ತುವ ಗೋಜಿಗೂ ಹೋಗದೆ ನೀರಿನಲ್ಲೇ ಕೂತುಬಿಟ್ಟಿದ್ದ. ಶಿವನಂಜಪ್ಪನ ಬಿಳಿ ಕಾರು ಕೆಂಪಾಗಿತ್ತು, ಅವನ ಹಿತ್ತಲ ಬಾವಿ ಅಂಚಿನವರೆಗೂ ಕೆಂಪು ತುಂಬಿ ತುಳುಕುತ್ತಿತ್ತು. ಪರಿಸರ ಸಾಹೇಬರು ಸೊಂಟದುದ್ದ ನೀರಿನಲ್ಲಿ ನಿಂತು ಆದೇಶದ ಪ್ರತಿಯನ್ನು ಹೊಳೆಯ ಕಡೆಗೆ ಎತ್ತಿ ಹಿಡಿದಿದ್ದರು. "ಇಲ್ಲಿ ನೋಡು, ಕಾಳಯ್ಯ ಅಂತ ಇದೆ, ಮೊಹರಿದೆ!" ಎಂದು ಕೂಗುತ್ತಿದ್ದರು.

ಮಧ್ಯಾಹ್ನವೇ ತುರ್ತು ಸಭೆ ಕರೆದರು. ಹೊಳೆ ನಿಯಮ ಮೀರಿ ನಡೆದಿದೆ ಎಂದು ಠರಾವು ಮಾಡಿ, ಏಳು ದಿನದೊಳಗೆ ಉತ್ತರ ಕೊಡಬೇಕೆಂದು ಹೊಳೆಗೆ ಒಂದು ನೋಟೀಸು ಬರೆದು ಹೊಳೆದಂಡೆಯ ಮೆಟ್ಟಿಲ ಮೇಲೆ ಅಂಟಿಸಿದರು. ಕಾರ್ಖಾನೆಯ ಮೇಲೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ. ಉದ್ಘಾಟನೆಯ ಸಂಜೆ ಗುಂಡಿ ಬರಿದಾದ ಮೇಲೆ ತೂಬು ಮುಚ್ಚಿದ್ದರು, ಅದನ್ನು ಮತ್ತೆ ತೆಗೆಯುವ ಕೈ ಸಿಕ್ಕಲಿಲ್ಲ. ಸಾಹುಕಾರ ಎರಡು ಪಟ್ಟು ಕೂಲಿ ಎಂದ, ನಾಲ್ಕು ಪಟ್ಟು ಎಂದ, ಊರಿನಲ್ಲಿ ಒಬ್ಬನೂ ಆ ದಾರಿಯಲ್ಲಿ ಹೋಗಲಿಲ್ಲ. ಕಾಳಯ್ಯನ ಆದೇಶವನ್ನು ನಾನು ಗೋಡೆಯಿಂದ ಕಿತ್ತು ತಂದು ಹಿಟ್ಟಿನ ಪಾತ್ರೆಗೆ ಮುಚ್ಚುತ್ತಿದ್ದೇನೆ. ಪ್ಲಾಸ್ಟಿಕ್ ಗಟ್ಟಿಯಾಗಿದೆ.

ಅಮಾವಾಸ್ಯೆಯಾದ ನಾಲ್ಕನೆಯ ದಿನ ಬೆಳಿಗ್ಗೆ ಶಿವನಂಜಪ್ಪ ನಮ್ಮ ಬೀದಿಗೆ ಬಂದ. ಕೈಯಲ್ಲಿ ಕೊಡಪಾನ, ಕಾಲು ಮೊಣಕಾಲಿನವರೆಗೂ ಕೆಂಪು. ಆಳುಗಳು ಬಿಟ್ಟುಹೋಗಿದ್ದರಂತೆ. ಹೆಂಗಸರ ಸಾಲಿನಲ್ಲಿ ಸಾಕಮ್ಮನ ಹಿಂದೆ ತಲೆ ತಗ್ಗಿಸಿ ನಿಂತ. ಅವನ ಸರದಿ ಬಂದಾಗ ನನ್ನ ಮುಖ ನೋಡಿದ.

"ಒಂದು ಕೊಡ ಸೇದಿ ಕೊಡ್ತೀಯಾ ದೇವೀರಮ್ಮ?"

"ಹಗ್ಗ ಅಲ್ಲೇ ಐತೆ ಸ್ವಾಮಿ. ಅಷ್ಟು ದೊಡ್ಡ ಚಕ್ರ ತಿರುಗಿಸಿದ ಕೈಗೆ ಇದೇನು ಮಹಾ?"

ಏದುಸಿರು ಬಿಡುತ್ತ ಸೇದಿದ. ಕೊಡ ತುಂಬಿಸಿ, ಮುಖ ತೊಳೆದುಕೊಂಡು, ನಾಲ್ಕು ದಿನದ ಬಾಯಿ ಎಂದು ಕಾಣುತ್ತದೆ, ಒಂದು ಬೊಗಸೆ ನೀರು ತುಂಬಿಕೊಂಡು ಗಳಗಳ ಮುಕ್ಕಳಿಸಿದ. ಉಗಿಯಲು ಚರಂಡಿಯ ಕಡೆ ಬಗ್ಗಿದವನು ಹಾಗೇ ನಿಂತ. ಎರಡೂ ಕೆನ್ನೆ ಊದಿಕೊಂಡಿದ್ದವು. ಚರಂಡಿ ನೋಡಿದ, ತನ್ನ ಕಾಲು ನೋಡಿದ, ಸಾಲಿನಲ್ಲಿದ್ದ ಹೆಂಗಸರನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ನುಗ್ಗೆಮರ ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಜರುಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಗುಟುಕ್ಕನೆ ನುಂಗಿದ.